ಮನೆಗೆಲಸ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನನ್ನ ತಮ್ಮ ಎಲ್ಲರ ಮುಂದೆ ಹೇಳಿಕೊಂಡು ಬರುತ್ತಾನೆ. ಇರಲಿ. ಮೋಟರ್ ವೈಂಡಿಂಗ್ ಅಂಗಡಿಯ ಗಲ್ಲಾದಲ್ಲಿ ದಿನವಿಡೀ ಕೂರುವವಳಿಗೆ ಅಷ್ಟಾದರೂ ಸಿಟ್ಟು ಬೇಡವೇ? ಒಬ್ಬ ಮೋಟರನ್ನು ನೀರಲ್ಲಿ ಮುಳುಗಿಸಿ ತಂದು, ತಾನಾಗೇ ನಿಂತುಹೋಯಿತು ಎನ್ನುತ್ತಾನೆ. ಇನ್ನೊಬ್ಬ, ಸುಟ್ಟ ವಾಸನೆ ಬೀದಿಯ ಆ ತುದಿಗೆ ಹೊಡೆಯುತ್ತಿದ್ದರೂ, ಏನೂ ಆಗಿಲ್ಲ, ಒಂದು ವೈರು ಸಡಿಲ ಆಗಿದೆ ಅಷ್ಟೇ ಎನ್ನುತ್ತಾನೆ. ಇವರೆಲ್ಲರ ಜೊತೆ ಹಲ್ಲು ಕಿರಿದುಕೊಂಡು ಮಾತಾಡುವುದು ನನ್ನಿಂದ ಆಗದ ಕೆಲಸ.

ಅಂಗಡಿ ನಮ್ಮಪ್ಪನದು. ಅಪ್ಪನ ನಂತರ ತಮ್ಮನದಾಯಿತು. ನಾನು ಅವನಿಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಗಲ್ಲಾ ಹಿಡಿದು ಕೂತವಳು ಇನ್ನೂ ಎದ್ದಿಲ್ಲ. ಮುಂದೆ ಅಂಗಡಿ, ಅದರ ಹಿಂದೆ ಒಂದು ಪರದೆ, ಪರದೆಯ ಹಿಂದೆ ಕಿಟಕಿಯಿಲ್ಲದ ಕೋಣೆ, ಅದನ್ನು ದಾಟಿದರೆ ಅಡುಗೆಮನೆ. ತಮ್ಮನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಮೋಟರ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಒಂದು ಗಳಿಗೆ ಕೇಳುತ್ತಾನೆ. ಆಮೇಲೆ ಬೇರಿಂಗ್ ಹೋಗಿದೆಯೋ, ಕಾಯಿಲ್ ಹೋಗಿದೆಯೋ ಹೇಳುತ್ತಾನೆ. ಅವನು ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ, ಅಕ್ಕ ಎಂದು ಹೊಗಳುತ್ತಿಲ್ಲ.

ನಮ್ಮ ಕಸುಬಿನವರು ಒಂದು ಮೋಟರನ್ನು ಬಿಚ್ಚಿದ ಕೂಡಲೇ ಕೇಳುವ ಮಾತು, ಇದು ಯಾರ ಕೈ ಎಂದು. ಒಳಗಿನ ತಂತಿ ಯಾರು ಸುತ್ತಿದ್ದು ಎಂದು ಅರ್ಥ. ಮೇಸ್ತ್ರಿ ಕೈ ಎಂದು ತಿಳಿದರೆ ಆಮೇಲೆ ಯಾರೂ ತುಟಿ ಬಿಚ್ಚುವುದಿಲ್ಲ. ಆ ಹೆಸರಿನ ಮೇಲೆ ನಮ್ಮ ಒಲೆ ಉರಿಯುವುದು.

ಆ ಕೈ ನಡುಗತೊಡಗಿತು. ಮೊದಲು ಗೊತ್ತಾಗಿದ್ದು ಚಹಾದ ಲೋಟದಲ್ಲಿ. ಅಂಗಿಯ ಮೇಲೆ ಚೆಲ್ಲಿಕೊಂಡು, ಲೋಟ ಸರಿಯಿಲ್ಲ ಎಂದು ನನ್ನ ಮೇಲೆ ರೇಗಿದ. ಆಮೇಲೆ ಅಂಗಿಯ ಗುಂಡಿ, ಆಮೇಲೆ ತಂತಿ. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಮೋಟರಿನ ಸಂದಿಗಳಿಗೆ ಒಂದೊಂದಾಗಿ ಇಳಿಸಬೇಕು. ತಂತಿಯ ಮೇಲಿನ ಲೇಪ ಕಬ್ಬಿಣದ ಅಂಚಿಗೆ ಎಲ್ಲಾದರೂ ತರಚಿದರೆ ಮುಗಿಯಿತು, ಚಾಲೂ ಮಾಡಿದ ಕೂಡಲೇ ಸುಡುತ್ತದೆ. ನಡುಗುವ ಕೈಗೆ ಅದು ಹೇಗೆ ಒಗ್ಗೀತು? ಡಾಕ್ಟರು ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು. ಒಂದು ಮಧ್ಯಾಹ್ನ ನನ್ನ ತಮ್ಮ ತಂತಿಯ ಉರುಳೆಯನ್ನು ಗೋಡೆಗೆ ಎಸೆದು, ತಲೆ ಮೇಲೆ ಕೈಹೊತ್ತು ಕೂತುಬಿಟ್ಟ. ಅದನ್ನು ಎತ್ತಿಕೊಂಡವಳು ಅವನ ಹೆಂಡತಿ.

ಅವಳನ್ನು ಮನೆಯಲ್ಲಿ ಸೂಜಿ ಎನ್ನುತ್ತೇವೆ. ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮಪ್ಪ ಇಟ್ಟ ಹೆಸರು. ತೆಳ್ಳಗೆ, ನೆಟ್ಟಗೆ, ಎಲ್ಲಿ ಬೇಕಾದರೂ ತೂರಿಕೊಂಡು ಹೋಗುವವಳು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಿದ್ದವಳು. ತರಗತಿಗೆಲ್ಲ ಅವಳೊಬ್ಬಳೇ ಹುಡುಗಿ. ನಡುವೆ ಅವಳಪ್ಪ ತೀರಿಕೊಂಡರು. ನೆಂಟರು ಸೇರಿ ಓದು ಬಿಡಿಸಿ ನಮ್ಮ ಮನೆಗೆ ಕಳಿಸಿದರು. ಮೋಟರ್ ಅಂಗಡಿಯವನಿಗೆ ಕೊಟ್ಟರೆ ಓದಿದ್ದು ಉಪಯೋಗಕ್ಕೆ ಬರುತ್ತದೆ ಎಂದು ಅವಳ ಸೋದರಮಾವ ಹಲ್ಲು ಬಿಟ್ಟು ನಕ್ಕಿದ್ದ. ಆ ನಗುವಿಗೆ ಎರಡು ಬಿಡಬೇಕೆಂದು ನನ್ನ ಕೈ ಆಗಲೇ ತುರಿಸಿತ್ತು. ಆದರೆ ಅವನ ಮಾತು ನಿಜವಾಯಿತು. ನನ್ನ ತಮ್ಮ ಅವಳ ಪಕ್ಕದಲ್ಲಿ ಕೂತು ಹೇಳಿಕೊಟ್ಟ, ಅವಳು ಕಲಿತಳು. ಇಬ್ಬರೂ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಜಗಳವಾಡುತ್ತಾ, ಮತ್ತೆ ಮತ್ತೆ ಬಿಚ್ಚಿ ಸುತ್ತುತ್ತಾ ಕಳೆದರು. ಮಕ್ಕಳಿಲ್ಲದ ಮನೆ, ಕೇಳುವವರು ಯಾರಿದ್ದಾರೆ. ಆಮೇಲೆ ಅಂಗಡಿಯಿಂದ ಹೊರಹೋದ ಮೋಟರುಗಳೆಲ್ಲ ಅವಳ ಕೈಯವೇ.

ಆದರೆ ಇದನ್ನು ಹೊರಗೆ ಹೇಳುವಂತಿರಲಿಲ್ಲ. ಮೇಸ್ತ್ರಿಯ ಕೈ ನಡುಗುತ್ತದೆಂದು ಗೊತ್ತಾದರೆ ಅಂಗಡಿಯ ಬಾಗಿಲು ಹಾಕಬೇಕು, ಒಳಗೆ ಹೆಂಗಸು ಸುತ್ತುತ್ತಾಳೆಂದು ಗೊತ್ತಾದರಂತೂ ಬೀಗವನ್ನೇ ಜಡಿಯಬೇಕು. ಅದಕ್ಕೇ ನನ್ನ ತಮ್ಮ ಅಂಗಡಿಯ ಮುಂದಿನ ಮೇಜಿನ ಹಿಂದೆ ಕೂತು, ಕೈ ಎರಡನ್ನೂ ಮೇಜಿನ ಕೆಳಗೆ ತೊಡೆಯ ನಡುವೆ ಇಟ್ಟುಕೊಂಡು ಗಿರಾಕಿಗಳ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡ. ಕೆಲಸ ಎಲ್ಲಿಗೆ ಬಂತೆಂದು ಒಳಗೆ ಕೇಳಬೇಕಾದಾಗ ನಾನು ಪರದೆಯ ಕಡೆ ತಿರುಗಿ, ಸೂಜಿ, ಮನೆಗೆಲಸ ಎಲ್ಲಿಗೆ ಬಂತೇ ಎನ್ನುತ್ತಿದ್ದೆ. ಇನ್ನೂ ಪಾತ್ರೆ ಬಾಕಿ ಇದೆ ಅತ್ತಿಗೆ ಎಂದರೆ ಸುತ್ತುವುದು ಮುಗಿದಿಲ್ಲ. ಬಟ್ಟೆ ಒಣಗಬೇಕು ಎಂದರೆ ವಾರ್ನಿಷ್ ಹಚ್ಚಿ ಬಲ್ಬಿನ ಕೆಳಗೆ ಇಟ್ಟಾಗಿದೆ. ಬಟ್ಟೆ ಹರಿದುಹೋಯ್ತು ಎಂದು ಒಮ್ಮೆ ಕೂಗಿದಳು. ಸುತ್ತಿದ ತಂತಿ ತರಚಿಹೋಗಿದೆ ಎಂದು ಅರ್ಥ. ಗಿರಾಕಿ ಮಾತ್ರ, ಪಾಪ, ಹಳೇ ಬಟ್ಟೆ ಇರಬೇಕು ಎಂದ.

ಹೀಗೆ ಹೇಳಿ ಹೇಳಿ ಆ ಮಾತು ನಾಲಿಗೆಗೆ ಅಂಟಿಕೊಂಡುಬಿಟ್ಟಿತು. ಗಿರಾಕಿಗಳು ಇಲ್ಲದಾಗಲೂ ನಾವು ಹಾಗೇ ಹೇಳುತ್ತಿದ್ದೆವು. ಇವತ್ತು ಮನೆಗೆಲಸ ಜಾಸ್ತಿ ಇದೆ ಎಂದು ತಮ್ಮ ಹೇಳಿದರೆ ಮೂರು ಮೋಟರ್ ಬಂದಿವೆ ಎಂದು ತಿಳಿಯಬೇಕು. ನಿಜವಾದ ಮನೆಗೆಲಸಕ್ಕೆ ನಮ್ಮಲ್ಲಿ ಹೆಸರೇ ಉಳಿಯಲಿಲ್ಲ. ಅದನ್ನೂ ಅವಳೇ ಮಾಡುತ್ತಿದ್ದಳು.

ಕಾಲೇಜಿನ ಸುದ್ದಿ ತಂದವನು ತಮ್ಮನೇ. ಗಂಡಸರೇ ತುಂಬಿರುವ ವಿಷಯಗಳನ್ನು ಓದುತ್ತಾ ನಡುವೆ ಬಿಟ್ಟುಹೋದ ಹೆಂಗಸರು ಮತ್ತೆ ಬಂದು ಓದಲಿ ಎಂದು ಒಂದು ಸ್ಕಾಲರ್‌ಶಿಪ್ ಇದೆ, ಫೀಸಿನ ಜೊತೆ ಮನೆ ನಡೆಸುವುದಕ್ಕೂ ಸಹಾಯ ಕೊಡುತ್ತಾರೆ ಎಂದು ಪೇಪರಿನಲ್ಲಿ ಬಂದಿದ್ದನ್ನು ಗಟ್ಟಿಯಾಗಿ ಓದಿದ. ಆ ಸಹಾಯ ಬಂದರೆ ಅವಳ ಬದಲು ಒಳಗೆ ಒಬ್ಬ ಕೆಲಸದವನನ್ನು ಇಟ್ಟುಕೊಳ್ಳಬಹುದು.

"ಓದ್ತೀಯೇನೇ?" ಎಂದ.

"ಈ ವಯಸ್ಸಲ್ಲಾ? ತಮಾಷೆ ಮಾಡ್ಬೇಡಿ," ಎಂದು ಸೂಜಿ ಒಳಗೆ ಹೋದಳು. ಮಾರನೆಯ ದಿನ ಮಂಚದ ಕೆಳಗಿನ ಟ್ರಂಕು ಹೊರಗೆ ಬಂದಿತ್ತು, ಹಳೆಯ ಪುಸ್ತಕಗಳು ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದವು.

ಈಗ ಓದಿ ಯಾವ ರಾಜ್ಯ ಆಳಬೇಕಾಗಿದೆ ಎಂದು ನಾನು ರೇಗಿಸಿದೆ. ಅವಳು ಪುಸ್ತಕ ಮಗುಚುತ್ತಾ ಹೇಳಿದಳು, "ಸುತ್ತೋದು ಗೊತ್ತು ಅತ್ತಿಗೆ. ಯಾಕೆ ಅಷ್ಟೇ ಸುತ್ತು, ಯಾಕೆ ಅಷ್ಟೇ ದಪ್ಪದ ತಂತಿ ಅನ್ನೋದು ಅರ್ಧ ಗೊತ್ತು. ಇನ್ನರ್ಧ ಬೇಕು ನಂಗೆ. ಎಷ್ಟೋ ಸಲ ಸುತ್ತುತ್ತಾ ಸುತ್ತುತ್ತಾ ಅದೇ ಯೋಚನೆ ಮಾಡ್ತಾ ಇರ್ತೀನಿ, ಅವತ್ತು ಬಿಟ್ಟು ಬಂದ ಪಾಠದಲ್ಲೇ ಅದು ಇತ್ತೇನೋ ಅಂತ." ಇಷ್ಟು ಉದ್ದದ ಮಾತನ್ನು ಅವಳು ಅದಕ್ಕಿಂತ ಮೊದಲು ಆಡಿದ್ದು ನನಗೆ ನೆನಪಿಲ್ಲ.

ಅವಳು ಪರೀಕ್ಷೆ ಬರೆದಳು, ಪಾಸಾದಳು. ಸಂದರ್ಶನಕ್ಕೆ ಕರೆದರು, ಹೋಗಿ ಬಂದಳು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ವರ್ಷ, ಮುಂದಿನ ಸಲ ಕೇಳುವಂತೆಯೇ ಇಲ್ಲ. ಉಳಿದದ್ದು ಕಾಲೇಜಿನವರೊಬ್ಬರು ಮನೆಗೆ ಬಂದು ನೋಡಿ ಹೋಗುವುದಷ್ಟೇ. ಅದು ಬರೀ ಶಾಸ್ತ್ರಕ್ಕೆ, ಇಲ್ಲಿವರೆಗೆ ಬಂದವರನ್ನ ಯಾರೂ ವಾಪಸ್ ಕಳಿಸಲ್ಲ ಎಂದು ಅಲ್ಲಿಯ ಗುಮಾಸ್ತರು ಹೇಳಿದ್ದರಂತೆ.

ಅವರು ಬರುವ ದಿನ ನಾನು ಅಂಗಡಿಯ ನೆಲವನ್ನು ಸೋಪಿನ ನೀರಲ್ಲಿ ಉಜ್ಜಿದೆ. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿನ ಹಿಂದೆ ಕೂತ. ಸೂಜಿ ಬೆರಳುಗಳನ್ನು ಥಿನ್ನರಿನಲ್ಲಿ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಂಡಿದ್ದಳು. ಉಗುರಿನ ಅಂಚಿನ ವಾರ್ನಿಷ್ ಹೋಗಿರಲಿಲ್ಲ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಹಿಟ್ಟಿನ ಗಿರಣಿ ನಡೆಸುವವರೊಬ್ಬರು ಒಂದು ಕೈಗಾಡಿಯಲ್ಲಿ ಮೋಟರ್ ಹಾಕಿಕೊಂಡು ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ಹಿಟ್ಟು, ಹುಬ್ಬು ಕೂಡ ಬಿಳಿ.

"ಇವತ್ತು ಆಗಲ್ಲ, ನಾಳೆ ಬನ್ನಿ," ಎಂದೆ.

"ಹಾಗನ್ಬೇಡಿ ಅಕ್ಕ. ಜನ ಡಬ್ಬ ಇಟ್ಕೊಂಡು ಗಿರಣಿ ಮುಂದೆ ಕೂತಿದ್ದಾರೆ. ಹಿಂದಿನ ಸಲ ಮೇಸ್ತ್ರಿ ಸುತ್ತಿಕೊಟ್ಟಿದ್ದು ಇಷ್ಟು ವರ್ಷ ತಂಟೆ ಮಾಡ್ದೆ ಓಡ್ತು. ಅವರ ಕೈ ಬಿಟ್ಟು ಬೇರೆಯವರ ಕೈಗೆ ನಾನು ಕೊಡಲ್ಲ."

ಹೀಗೆ ಹೇಳಿ ಅವರು ಉಜ್ಜಿದ ನೆಲದ ಮೇಲೆ ಹಿಟ್ಟು ಉದುರಿಸುತ್ತಾ ಬೆಂಚಿನ ಮೇಲೆ ಕೂತೇಬಿಟ್ಟರು. ನಾನು ಹಲ್ಲು ಕಚ್ಚಿಕೊಂಡೆ. ಅವರನ್ನು ಎಬ್ಬಿಸುವ ದಾರಿ ಹುಡುಕುತ್ತಿರುವಾಗಲೇ ಕಾಲೇಜಿನ ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು.

ಆ ಮೇಡಂ ಬಗ್ಗೆ ನಾನು ಕೆಟ್ಟದ್ದು ಹೇಳಲಾರೆ. ನನ್ನ ವಯಸ್ಸಿನವರೇ, ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವರು. ಜಂಬವಿಲ್ಲ. ಚಹಾ ಕೊಟ್ಟರೆ ಕುಡಿದರು, ಚೆನ್ನಾಗಿದೆ ಎಂದರು. ತಾವು ಓದುವಾಗ ಹೆಂಗಸರಿಗೆ ಆ ಕಟ್ಟಡದಲ್ಲಿ ಒಂದು ಶೌಚಾಲಯವೂ ಇರಲಿಲ್ಲ, ನೀರು ಕುಡಿಯದೆ ದಿನ ಕಳೆಯುತ್ತಿದ್ದೆ ಎಂದು ನಗುತ್ತಾ ಹೇಳಿದರು. ಸೂಜಿಯೂ ನಕ್ಕಳು. ಅವರಿಬ್ಬರೂ ಹಾಗೆ ಎದುರುಬದುರು ಕೂತು ನಗುವುದನ್ನು ನೋಡಿ ನನಗೆ, ಇನ್ನು ಕೆಲಸ ಆದಂತೆಯೇ ಎನ್ನಿಸಿತು.

"ಓದು ಬಿಟ್ಟ ಮೇಲೆ ಇಷ್ಟು ವರ್ಷ ಏನು ಮಾಡ್ತಿದ್ರಿ?" ಎಂದು ಮೇಡಂ ಕೇಳಿದರು.

"ಮನೆಗೆಲಸ ಮೇಡಂ," ಎಂದಳು ಸೂಜಿ, ಸಲೀಸಾಗಿ.

ನಾನು ನಗು ತಡೆಯಲು ಗಲ್ಲಾದ ಒಳಗೆ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಅವಳು ಸುಳ್ಳು ಹೇಳಿದ್ದಲ್ಲ. ನಮ್ಮ ಮನೆಯಲ್ಲಿ ಅದರ ಹೆಸರೇ ಅದು.

"ಒಳ್ಳೇದಾಯ್ತು. ನಮ್ಗೆ ಬೇಕಾಗಿರೋದು ಅಂಥವರೇ," ಎಂದು ಮೇಡಂ ಬರೆದುಕೊಂಡರು. ಉಪಚಾರದ ಮಾತು ಎಂದುಕೊಂಡು ಬಿಟ್ಟೆವು. ಅದರ ಅರ್ಥವೇನೆಂದು ಕೇಳುವ ಬುದ್ಧಿ ನಮ್ಮ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ.

ಮೇಡಂ ಮುಂದುವರಿಸಿದರು. "ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಪುಸ್ತಕ ಹೇಗೋ ಆಗುತ್ತೆ. ಲ್ಯಾಬ್ ಕಷ್ಟ. ಸುತ್ತ ಹುಡುಗರು ನೋಡ್ತಾ ನಿಂತಿರ್ತಾರೆ. ತಂತಿ, ಟೂಲ್ಸು ಹಿಡಿದು ಅಭ್ಯಾಸ ಇರಲ್ಲ ನಿಮಗೆ, ಮೊದಮೊದಲು ಕೈ ನಡುಗುತ್ತೆ. ಹೆದರಬೇಡಿ. ಈಗಿಂದಲೇ ಯಜಮಾನರ ಹತ್ರ ಸ್ವಲ್ಪ ಕಲ್ತುಕೊಳ್ಳಿ, ಒಂದು ಸ್ಕ್ರೂಡ್ರೈವರ್ ಹಿಡಿಯೋದಾದ್ರೂ."

ಗಿರಣಿಯವರು ಬೆಂಚಿನಿಂದಲೇ ನಕ್ಕರು. "ನನ್ನ ಹೆಂಡ್ತಿಗೆ ಗಿರಣಿ ಸ್ವಿಚ್ಚು ಎಲ್ಲಿದೆ ಅಂತಾನೇ ಗೊತ್ತಿಲ್ಲ ಮೇಡಂ. ಹೆಂಗಸರಿಗೆ ಅವೆಲ್ಲ ಎಲ್ಲಿ ಬರುತ್ತೆ. ಮೇಸ್ತ್ರಿ ಕೈಹಿಡಿದು ಕಲಿಸಬೇಕು ಅಷ್ಟೇ."

ಸೂಜಿ ತಲೆಯಾಡಿಸಿದಳು. ಕಲೀತೀನಿ ಮೇಡಂ ಎನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನನ್ನ ತಮ್ಮ ಮೇಜಿನ ಕೆಳಗಿಂದ ಕೈ ಎರಡನ್ನೂ ತೆಗೆದು ಮೇಜಿನ ಮೇಲೆ ಇಟ್ಟ.

ಪರರ ಎದುರು ಅವನು ಹಾಗೆ ಕೈ ಇಟ್ಟಿದ್ದನ್ನು ನಾನು ನೋಡಿ ಯಾವ ಕಾಲವಾಗಿತ್ತೋ. ಬೆರಳುಗಳು ಹಲಗೆಯ ಮೇಲೆ ಟಕಟಕ ಬಡಿದುಕೊಂಡವು. ಅವನು ಅವನ್ನು ಅದುಮಿ ಹಿಡಿಯಲಿಲ್ಲ, ಬಡಿಯಲು ಬಿಟ್ಟ.

"ಮೇಡಂ, ನಡುಗೋ ಕೈ ಅವಳದಲ್ಲ. ನಂದು," ಎಂದ.

ಗಿರಣಿಯವರ ನಗು ಅರ್ಧಕ್ಕೆ ನಿಂತಿತು.

"ನಾನು ತಂತಿ ಮುಟ್ಟಿ ಹನ್ನೊಂದು ವರ್ಷ ಆಯ್ತು. ಈ ಅಂಗಡಿಯಿಂದ ಹೋದ ಮೋಟರೆಲ್ಲ ಅವಳ ಕೈಯೇ. ಗಿರಣಿಯವರೇ, ನಿಮ್ಮದೂ ಸೇರಿ. ನಾನು ಇಲ್ಲಿ ಬರೀ ಮಾತಾಡ್ಕೊಂಡು ಕೂತಿರ್ತೀನಿ. ಹೆಸರು ನಂದು, ದುಡಿಮೆ ಅವಳದು. ಇವಳಿಗೆ ಯಾರೂ ಸ್ಕ್ರೂಡ್ರೈವರ್ ಹಿಡಿಯೋದು ಹೇಳಿಕೊಡಬೇಕಾಗಿಲ್ಲ ಮೇಡಂ. ನಿಮ್ಮ ಹುಡುಗರಿಗೆ ಇವಳೇ ಹೇಳಿಕೊಡ್ತಾಳೆ."

ಅವನ ಮುಖ ಹೇಗಿತ್ತೆಂದು ಹೇಳಲೇ? ತುಕ್ಕು ಹಿಡಿದ ನಟ್ಟು ಕೊನೆಗೂ ಬಿಚ್ಚಿಕೊಂಡಾಗ ಇರುತ್ತಿತ್ತಲ್ಲ, ಹಾಗಿತ್ತು. ನನ್ನ ಕಣ್ಣು ತುಂಬಿ ಬಂತು. ಇವನು ನನ್ನ ತಮ್ಮ ಎಂದು ಎದೆ ಉಬ್ಬಿತು, ಅದರ ಬೆನ್ನಿಗೇ ಗಿರಣಿಯವರ ಮುಖ ನೋಡಿ ಎದೆ ಇಳಿಯಿತು. ಸೂಜಿ ಮಾತ್ರ ಗಂಡನನ್ನು ನೋಡುತ್ತಾ ಹಾಗೇ ಕೂತಿದ್ದಳು. ಅಷ್ಟು ವರ್ಷ ಕೊಡದ ಸೀರೆ ಒಡವೆಯನ್ನೆಲ್ಲ ಒಂದೇ ಸಲಕ್ಕೆ ತಂದು ಮಡಿಲಿಗೆ ಸುರಿದರೆ ಹೆಂಗಸು ಹೇಗೆ ನೋಡಿಯಾಳು, ಹಾಗೆ ನೋಡುತ್ತಿದ್ದಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಒಂದು ನಿಮಿಷ ಹೊರಗೆ ಬರ್ತೀರಾ?" ಎಂದು ಸೂಜಿಗೆ ಹೇಳಿ, ನನ್ನ ಕಡೆಗೂ ನೋಡಿದರು. ನಾವು ಮೂವರೂ ಅಂಗಡಿಯ ಮೆಟ್ಟಿಲ ಹತ್ತಿರ ಹೋಗಿ ನಿಂತೆವು. ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅದರ ಸದ್ದು ನಿಲ್ಲುವವರೆಗೆ ಮೇಡಂ ಕಾದರು.

"ಅವರು ಹೇಳಿದ್ದು ನಿಜಾನಾ?"

"ನಿಜ ಮೇಡಂ," ಎಂದು ನಾನೇ ಮುಂದಾಗಿ ಹೇಳಿದೆ. ಒಳ್ಳೆಯದೇ ಆಗುತ್ತದೆ ಎಂದುಕೊಂಡಿದ್ದೆನಲ್ಲ, ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ. "ಚಿನ್ನದಂಥ ಕೈ ಅವಳದು. ಬೇಕಾದ್ರೆ ಈಗಲೇ ಕೂರಿಸಿ ನೋಡಿ."

ಮೇಡಂ ಹಣೆ ಉಜ್ಜಿಕೊಂಡರು. "ನೋಡಿ ಅಮ್ಮ, ಈ ಸ್ಕಾಲರ್‌ಶಿಪ್ ಇರೋದು ಓದೂ ಬಿಟ್ಟು, ಆ ಕೆಲಸದಿಂದಲೂ ದೂರ ಉಳಿದ ಹೆಂಗಸರಿಗೆ. ಮತ್ತೆ ಹಿಂದಿರುಗಿ ಬರೋರಿಗೆ. ಇವರು ಹನ್ನೊಂದು ವರ್ಷ ಇದೇ ಕೆಲಸ ಮಾಡಿದ್ದಾರೆ ಅಂದ್ರೆ, ದೂರ ಹೋಗೇ ಇಲ್ಲವಲ್ಲ. ಹಿಂದಿರುಗೋದು ಎಲ್ಲಿಂದ ಬಂತು? ಈ ಕ್ಷೇತ್ರದಲ್ಲಿ ಕೆಲಸ ಮಾಡಿಲ್ಲ ಅಂತ ನಾನು ಸಹಿ ಹಾಕಬೇಕು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಕೆಲಸ ಬರುತ್ತದೆ ಎಂದರೆ ಹೆಚ್ಚು ಒಳ್ಳೆಯದಲ್ಲವೇ? ಕೆಲಸ ಬರುವವಳಿಗೆ ಓದು ಬೇಡವೆಂದು ಯಾರು ಹೇಳಿದ್ದು? ಸೂಜಿಗೆ ಕೂಡಲೇ ಅರ್ಥವಾಗಿತ್ತು. ಮುಖ ಬಿಳಿಚಿಕೊಂಡಿತ್ತು.

"ಕೆಲಸದಲ್ಲಿ ಇರೋರಿಗೆ ಬೇರೆ ಏನಾದ್ರೂ ಇದ್ಯಾ ಮೇಡಂ?" ಎಂದು ಕೇಳಿದಳು.

"ಇದೆ. ಅದಕ್ಕೆ ಕೆಲಸ ಕೊಟ್ಟವರ ಪತ್ರ ಬೇಕು, ಸಂಬಳ ತಗೊಂಡ ದಾಖಲೆ ಬೇಕು."

"ಸಂಬಳ ಅಂತ ಯಾರೂ ಕೊಟ್ಟಿಲ್ಲ," ಎಂದಳು ಸೂಜಿ. "ಮನೆಗೆಲಸಕ್ಕೆ ಯಾರು ಕೊಡ್ತಾರೆ."

ನನ್ನ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. ಮೇಡಂ ಮೇಲೆ ಬಿಡೋಣವೆಂದರೆ ಆ ಹೆಂಗಸಿನ ಕಣ್ಣೂ ಕೆಂಪಾಗಿತ್ತು. ತಮ್ಮನ ಮೇಲೆ ಬಿಡೋಣವೆಂದರೆ ಅವನು ಹುಟ್ಟಿದಾಗಿನಿಂದ ಆಡಿದ ಅತಿ ಒಳ್ಳೆಯ ಮಾತು ಅದು. ಸಿಟ್ಟು ಬಂದರೂ ಇಳಿಸಲು ಜಾಗವಿಲ್ಲದೆ ಒದ್ದಾಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮೇಡಂ ದನಿ ತಗ್ಗಿಸಿದರು. "ಒಂದು ದಾರಿ ಇದೆ. ಹೆಂಡ್ತಿ ಮೇಲಿನ ಪ್ರೀತಿಗೆ ಸ್ವಲ್ಪ ಹೆಚ್ಚಿಸಿ ಹೇಳಿದೆ, ಅವಳು ಅಷ್ಟಿಷ್ಟು ಕೈಜೋಡಿಸ್ತಾಳೆ ಅಷ್ಟೇ ಅಂತ ಅವರು ನನಗೆ ಹೇಳಿದ್ರೆ ಸಾಕು, ನಾನು ಅದನ್ನೇ ಬರೀತೀನಿ. ನೀವು ಹೇಳಿದ್ರೆ ಆಗಲ್ಲ, ಮಾತು ಅವರದು, ಮೂರನೆಯವರ ಎದುರು ಆಡಿದ್ದು. ಅವರೇ ವಾಪಸ್ ತಗೋಬೇಕು. ನಾನು ಒಳಗೆ ಹೋಗಿ ಒಂದ್ಸಲ ಕೇಳ್ಲಾ?"

"ಕೇಳಿ ಮೇಡಂ. ಅವನು ಹೇಳ್ತಾನೆ. ಹೇಳ್ದೆ ಏನ್ಮಾಡ್ತಾನೆ, ನಾನು ಹೇಳಿಸ್ತೀನಿ," ಎಂದು ಬಾಗಿಲಿನ ಕಡೆ ತಿರುಗಿದೆ.

ಸೂಜಿ ನನ್ನ ಮಣಿಕಟ್ಟು ಹಿಡಿದಳು. ತಂತಿ ಎಳೆದು ಎಳೆದು ಗಟ್ಟಿಯಾದ ಬೆರಳುಗಳು. ಬಿಡಿಸಿಕೊಳ್ಳಲು ಆಗಲಿಲ್ಲ.

"ಬೇಡ ಅತ್ತಿಗೆ."

"ನಿನ್ನ ತಲೆಗಿಲೆ ಕೆಟ್ಟಿದೆಯಾ?"

"ಅವರನ್ನ ಕೇಳ್ಬೇಡಿ."

ಬಾಗಿಲಿನಿಂದ ಅಂಗಡಿಯ ಒಳಗು ಕಾಣುತ್ತಿತ್ತು. ನನ್ನ ತಮ್ಮ ಮೇಜಿನ ಮೇಲಿನ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಗಿರಣಿಯವರಿಗೆ ಏನನ್ನೋ ಹೇಳುತ್ತಿದ್ದ, ನಡುಗುವ ಕೈಯನ್ನೇ ಎತ್ತಿ ಗಾಳಿಯಲ್ಲಿ ತಂತಿ ಇಳಿಸುವಂತೆ ಮಾಡಿ ತೋರಿಸುತ್ತಿದ್ದ. ಅವಳು ಹೇಗೆ ಸುತ್ತುತ್ತಾಳೆ ಎಂದು ವರ್ಣಿಸುತ್ತಿದ್ದನೋ ಏನೋ. ಮುಖದಲ್ಲಿ ನಗುವಿತ್ತು.

ನಾನು ಪಿಸುದನಿಯಲ್ಲಿ ರೇಗಿದೆ. "ಒಂದು ಮಾತು ಕಣೇ. ಒಂದೇ ಒಂದು ಮಾತು ವಾಪಸ್ ತಗೊಂಡ್ರೆ ನಿನ್ನ ಓದೂ ಉಳಿಯುತ್ತೆ, ಅಂಗಡಿ ಹೆಸರೂ ಉಳಿಯುತ್ತೆ. ನನ್ನ ತಮ್ಮ ನನಗೆ ಗೊತ್ತಿಲ್ವಾ? ನಾಲ್ಕು ದಿನ ಮುಖ ಊದಿಸ್ಕೊಂಡು ಕೂತು ಆಮೇಲೆ ಸರಿಹೋಗ್ತಾನೆ."

"ವಾಪಸ್ ತಗೊಳ್ಳಿ ಅನ್ಬೇಕಾದ್ರೆ ಯಾಕೆ ಅಂತ ಹೇಳ್ಬೇಕಲ್ಲ ಅತ್ತಿಗೆ. ಅವರ ಮಾತಿನಿಂದಲೇ ನನ್ನ ಓದು ಹೋಯ್ತು ಅಂತ ಹೇಳ್ಬೇಕು. ಅದನ್ನ ಹೇಗೆ ಹೇಳ್ತೀರಿ ಅವರಿಗೆ?"

ನಾನು ಬಾಗಿಲಿನ ಕಡೆಯಿಂದ ಹಿಂದಕ್ಕೆ ಸರಿದೆ.

"ಅವರು ಮತ್ತೆ ಕೈ ಮೇಜಿನ ಕೆಳಗೆ ಇಟ್ಕೋತಾರೆ," ಎಂದಳು ಸೂಜಿ. ಆಮೇಲೆ ಮೇಡಂ ಕಡೆ ತಿರುಗಿ, "ಅವರು ಹೇಳಿದ್ದು ಸರಿ ಮೇಡಂ. ನಾನೇ ಸುತ್ತಿದ್ದು," ಎಂದಳು.

ಮೇಡಂ ಸೂಜಿಯ ಭುಜ ಮುಟ್ಟಿ, ಬರ್ತೀನಿ ಎಂದು ಬೀದಿಗೆ ಇಳಿದರು. ಅವರನ್ನು ಕರೆಯಬೇಕು, ಏನಾದರೂ ಮಾಡಿ ಎಂದು ಬೇಡಿಕೊಳ್ಳಬೇಕು ಎಂದು ನನ್ನ ಜೀವ ಹೊಡೆದುಕೊಂಡಿತು. ಆದರೆ ಏನು ಮಾಡಿ ಎಂದು ಹೇಳಲಿ? ಅವರು ಮೂಲೆ ತಿರುಗುವವರೆಗೆ ನಾವಿಬ್ಬರೂ ಮಂಕು ಬಡಿದವರಂತೆ ನೋಡುತ್ತಾ ನಿಂತಿದ್ದೆವು.

"ವಯಸ್ಸು ಮೀರಿತ್ತಂತೆ ಅಂತ ಅವರಿಗೆ ಹೇಳೋಣ ಅತ್ತಿಗೆ, ಆಮೇಲೆ," ಎಂದಳು ಸೂಜಿ. "ನಾವೇ ಲೆಕ್ಕ ತಪ್ಪಿದ್ವಿ ಅಂತ. ಈಗಲೇ ಬೇಡ."

ಒಳಗೆ ಕಾಲಿಟ್ಟಾಗ ಗಿರಣಿಯವರು ಎದ್ದು ನಿಂತಿದ್ದರು. ಮೋಟರ್ ಮತ್ತೆ ಕೈಗಾಡಿ ಏರಿತ್ತು. ನನ್ನ ಮುಖ ನೋಡದೆ ಹೇಳಿದರು, "ತಪ್ಪು ತಿಳ್ಕೋಬೇಡಿ ಅಕ್ಕ. ಒಂದೆರಡು ಕಡೆ ವಿಚಾರಿಸ್ಕೊಂಡು ಬರ್ತೀನಿ."

"ಇಷ್ಟು ವರ್ಷ ಅದೇ ಕೈ ಸುತ್ತಿದ್ದು ಓಡ್ಲಿಲ್ವಾ?" ಎಂದೆ.

"ಓಡ್ತು. ಆಗ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ."

ಬೇರೆ ದಿನವಾಗಿದ್ದರೆ ಆ ಮನುಷ್ಯನ ಹಿಟ್ಟನ್ನೆಲ್ಲ ಜಾಡಿಸಿ ಕಳಿಸುತ್ತಿದ್ದೆ. ಅವತ್ತು ಬದಿಗೆ ಸರಿದು ದಾರಿ ಬಿಟ್ಟೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು, ಗೊತ್ತಾಯಿತು ಕೂಡ.

ತಮ್ಮ ಮಾತ್ರ ಗಾಬರಿಯಾಗಲಿಲ್ಲ. "ಹೋಗ್ಲಿ ಬಿಡಕ್ಕ. ಇವಳು ಇಂಜಿನಿಯರ್ ಆಗಿ ಬರ್ಲಿ, ಅವನೇ ಗಾಡಿ ತಳ್ಕೊಂಡು ಬರ್ತಾನೆ," ಎಂದ. ಆಮೇಲೆ ಹೆಂಡತಿಯನ್ನು ಕೇಳಿದ, "ಏನಂದ್ರು ಮೇಡಂ?"

"ಒಳ್ಳೆ ಮಾತು ಹೇಳಿದ್ರು ನಿಮ್ಮ ಯಜಮಾನ್ರು ಅಂದ್ರು," ಎಂದಳು ಸೂಜಿ. "ಆಮೇಲೆ ತಿಳಿಸ್ತಾರಂತೆ."

"ನಂಗೊತ್ತಿತ್ತು. ನಾನು ಹೇಳ್ತಿದ್ದ ಹಾಗೇ ಪೆನ್ನು ಮುಚ್ಚಿಬಿಟ್ರು ನೋಡು. ಇನ್ನು ಕೇಳೋದೇನಿದೆ ಅಂತ." ಅವನು ನನ್ನ ಕಡೆ ತಿರುಗಿದ. ಚಿಕ್ಕವನಿದ್ದಾಗ ಅಪ್ಪನಿಗೆ ಮೊದಲ ಸಲ ಫ್ಯಾನು ರಿಪೇರಿ ಮಾಡಿ ತೋರಿಸಿದಾಗಲೂ ಹೀಗೆಯೇ ನನ್ನ ಮುಖ ನೋಡಿದ್ದ. "ಸರಿಯಾಗಿ ಹೇಳಿದ್ನಾ ಅಕ್ಕ?"

ಸೂಜಿ ನನ್ನನ್ನು ನೋಡುತ್ತಿದ್ದಳು.

"ಸರಿಯಾಗಿ ಹೇಳಿದೆ ಕಣೋ," ಎಂದೆ. "ಅದಕ್ಕಿಂತ ಸರಿಯಾಗಿ ಯಾರೂ ಹೇಳ್ತಿರ್ಲಿಲ್ಲ."

ಅವನಿಗೆ ಅಷ್ಟು ಸಾಕಾಯಿತು. ಊಟವಾದ ಮೇಲೆ, ಯಾರು ಬೇಡವೆಂದರೂ ಕೇಳದೆ, ಹೊರಗೆ ಹೋದ. ಬರುವಾಗ ಜೊತೆಯಲ್ಲಿ ಒಬ್ಬ ನಡುವಯಸ್ಸಿನವನು ಇದ್ದ. ಎಲ್ಲೋ ಫ್ಯಾನು ಸುತ್ತುತ್ತಿದ್ದವನಂತೆ, ದೊಡ್ಡ ಮೋಟರಿನ ಕೆಲಸ ಅಷ್ಟಾಗಿ ಗೊತ್ತಿಲ್ಲ, ಹೇಳಿಕೊಟ್ಟರೆ ಕಲಿಯುತ್ತೇನೆ ಎಂದ. ಕಾಲೇಜು ಶುರುವಾಗುವುದರೊಳಗೆ ಇವನು ತಯಾರಾಗಬೇಕು, ತಡ ಮಾಡುವುದು ಬೇಡ ಎಂದು ತಮ್ಮನ ಅವಸರ. ಪರದೆಯನ್ನು ತಮ್ಮನೇ ಎಳೆದು ಕಿತ್ತು ಸುತ್ತಿ ಬೆಂಚಿನ ಕೆಳಗೆ ಹಾಕಿದ. ಆ ಕೋಣೆಗೆ ಬೀದಿಯ ಬೆಳಕು ಬಿತ್ತು.

ನಾನು ಗಲ್ಲಾದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ನಿಲ್ಲಿಸೋ, ಇದೆಲ್ಲ ಬೇಡ ಎಂದು ಒಂದು ಮಾತು ಹೇಳಲು ಆಗಬೇಕಲ್ಲ. ಸೂಜಿ ಹೊಸಬನಿಗೆ ಒಂದು ಸ್ಟೂಲು ಹಾಕಿಕೊಟ್ಟಳು. ತಂತಿ ಎಲ್ಲಿರುತ್ತದೆ, ಸಂದಿಗೆ ಹಾಕುವ ಕಾಗದ ಎಲ್ಲಿರುತ್ತದೆ ಎಂದು ತೋರಿಸಿದಳು. ಅವನ ಪಕ್ಕದಲ್ಲಿ ಕೂತು ತಂತಿಯ ತುದಿಯನ್ನು ಹೇಗೆ ಹಿಡಿಯಬೇಕೆಂದು ಹೇಳತೊಡಗಿದಳು. ಬಾಗಿಲಿಗೆ ಒರಗಿ ನಿಂತಿದ್ದ ತಮ್ಮ ಕಣ್ತುಂಬ ನೋಡುತ್ತಿದ್ದ.

"ನೀವು ಕಾಲೇಜಿಗೆ ಯಾವಾಗಿಂದ ಹೋಗ್ತೀರಕ್ಕ?" ಎಂದು ಹೊಸಬ ಕೇಳಿದ.

"ಮೊದಲು ನೀವು ಕಲೀರಿ," ಎಂದಳು ಸೂಜಿ.